ನಾಯಿಯೊಂದಿಗೆ ಕೊಲೊರಾಡೋ ಬೆಟ್ಟದಲ್ಲಿ ಬೇಸಿಗೆ: ಹೂವು, ಪ್ರಾಣಿ, ಹಕ್ಕಿ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೆನ್ವರ್, ಬೌಲ್ಡರ್, ಫೋರ್ಟ್ ಕಾಲಿನ್ಸ್ ಸುತ್ತಮುತ್ತಲಿನ ಕನ್ನಡದವರು ಮನೆಗೆ ನಾಯಿ ತಂದ ಮೊದಲ ಬೇಸಿಗೆಯಲ್ಲೇ ಕೇಳತೊಡಗುವ ಪ್ರಶ್ನೆಗಳಿವು. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರ ಪ್ರಶ್ನೆಗಳು ಮೊದಲು, ಪಳಗಿದವರವು ಕೊನೆಗೆ.

## ಹೊರಡುವ ಮುನ್ನ

ಇಲ್ಲಿ ಬೆಟ್ಟಕ್ಕೆ ಬೇಸಿಗೆ ಅಂದ್ರೆ ಯಾವಾಗ? ನಮಗೆ ಏಪ್ರಿಲ್-ಮೇ ಅಂತಲೇ ಅಭ್ಯಾಸ.

ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಅಷ್ಟೇ. ಮೇ ತಿಂಗಳಲ್ಲಿ 3,000 ಮೀಟರಿಗಿಂತ ಮೇಲೆ ಇನ್ನೂ ಹಿಮವಿರುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದದ್ದು ಹತ್ತು ಗಂಟೆ ದಾಟಿದ ಮೇಲೆ ಮೆತ್ತಗಾಗಿ, ನಾಯಿ ಹೊಟ್ಟೆಯ ತನಕ ಹೂತುಹೋಗುತ್ತದೆ. ಎತ್ತರದ ಅಂದಾಜಿಗೆ ಹೇಳುವುದಾದರೆ, ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಡೆನ್ವರ್ ನಗರವೇ 1,609 ಮೀಟರಿನಲ್ಲಿದೆ. ಹೂವಿನ ಒಳ್ಳೆಯ ಬಯಲುಗಳಿರುವುದು 2,700ರಿಂದ 3,700 ಮೀಟರಿನ ನಡುವೆ. ಸಮುದ್ರಮಟ್ಟದ ಊರಿನಿಂದ ಬಂದ ನಾಯಿಗೂ ಮನುಷ್ಯರ ಹಾಗೆಯೇ ಒಗ್ಗಿಕೊಳ್ಳಲು ಎರಡು ಮೂರು ದಿನ ಬೇಕು. ಬಂದ ಮರುದಿನವೇ ದೊಡ್ಡ ಏರು ಹತ್ತಿಸಬೇಡಿ.

ನಾಯಿನ ಎಲ್ಲಿ ಬಿಡ್ತಾರೆ, ಎಲ್ಲಿ ಬಿಡಲ್ಲ?

ಹೆಚ್ಚು ಜನ ತಪ್ಪುವುದು ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ. ಅಲ್ಲಿನ ಯಾವ ಕಾಲುದಾರಿಗೂ ನಾಯಿಗೆ ಪ್ರವೇಶವಿಲ್ಲ, ಹುಲ್ಲುಬಯಲಿಗೂ ಇಲ್ಲ. ರಸ್ತೆ, ವಾಹನ ನಿಲ್ದಾಣ, ಕ್ಯಾಂಪ್‌ಗ್ರೌಂಡ್, ಪಿಕ್ನಿಕ್ ಜಾಗಗಳಲ್ಲಿ ಮಾತ್ರ, ಅದೂ ಆರು ಅಡಿಯ ಲೀಶ್‌ನಲ್ಲಿ ಇರಬಹುದು. ಈ ಪಾರ್ಕಿನ ಬಾಗಿಲಲ್ಲಿರುವ ಎಸ್ಟೆಸ್ ಪಾರ್ಕ್ ಊರಿನವರೆಗೆ ಕಾರು ಓಡಿಸಿಕೊಂಡು ಹೋಗಿ ವಾಪಸಾಗುವ ಬದಲು ನ್ಯಾಷನಲ್ ಫಾರೆಸ್ಟ್ ಆರಿಸಿಕೊಳ್ಳಿ. ಅಲ್ಲಿ ಬಹುತೇಕ ದಾರಿಗಳಲ್ಲಿ ನಾಯಿಗೆ ಅವಕಾಶವಿದೆ. ಇಂಡಿಯನ್ ಪೀಕ್ಸ್‌ನಂಥ ಹಲವು ವಿಲ್ಡರ್‌ನೆಸ್ ಪ್ರದೇಶಗಳಲ್ಲಿ ಲೀಶ್ ಕಡ್ಡಾಯ. ಬ್ರೇನಾರ್ಡ್ ಸರೋವರಕ್ಕೆ ಬೇಸಿಗೆಯಲ್ಲಿ ಕಾರಿನಲ್ಲಿ ಹೋಗಲು ಮೊದಲೇ ಸಮಯ ಕಾಯ್ದಿರಿಸಬೇಕು. ದಾರಿ ಶುರುವಾಗುವಲ್ಲಿನ ಫಲಕವನ್ನು ಓದಿಯೇ ಮುಂದೆ ಹೋಗಿ, ಏಕೆಂದರೆ ನಿಯಮ ಕಣಿವೆಯಿಂದ ಕಣಿವೆಗೆ ಬದಲಾಗುತ್ತದೆ.

ನಮ್ಮ ನಾಯಿ ತುಂಬಾ ಸಾಧು, ಕರೆದ ತಕ್ಷಣ ಬರತ್ತೆ. ಲೀಶ್ ಬೇಕೇ ಬೇಕಾ?

ಬೇಕು. ಪ್ರಾಣಿ ನೋಡಬೇಕೆಂಬ ಆಸೆ ಇದ್ದರಂತೂ ಖಂಡಿತ ಬೇಕು. ಬೌಲ್ಡರ್ ಸುತ್ತ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಯಿಗೆ ಅವಕಾಶವಿರುವ ಮತ್ತು ಇಲ್ಲದ ಪ್ರದೇಶಗಳನ್ನು ಹೋಲಿಸಿತು. ನಾಯಿ ಬರುವ ಕಡೆ ದಾರಿಯ ಎರಡೂ ಬದಿ ಕನಿಷ್ಠ 100 ಮೀಟರಿನವರೆಗೆ ಮ್ಯೂಲ್ ಜಿಂಕೆಗಳ ಓಡಾಟ ಕಡಿಮೆಯಾಗಿತ್ತು. ಅಳಿಲು, ಚಿಪ್‌ಮಂಕ್‌ನಂಥ ಸಣ್ಣ ಪ್ರಾಣಿಗಳದ್ದು ಸುಮಾರು 50 ಮೀಟರಿನವರೆಗೆ. ನಾಯಿ ಅಟ್ಟಿಸಿಕೊಂಡು ಹೋಗಲೇಬೇಕೆಂದಿಲ್ಲ, ಅದರ ವಾಸನೆಯೇ ಸಾಕು.

ಬಿಟ್ಟ ನಾಯಿ ದಾರಿಯ ಅಕ್ಕಪಕ್ಕ ಅಂಕುಡೊಂಕಾಗಿ ಓಡಿ, ಆ ವಾಸನೆಯನ್ನು ಇಡೀ ಬಯಲಿಗೆ ಹರಡುತ್ತದೆ. ಕಟ್ಟಿದ ನಾಯಿಯ ವಾಸನೆ ದಾರಿಯಲ್ಲೇ ಉಳಿಯುತ್ತದೆ. ದಾರಿಯ ಮೇಲೆ ಸಾಗುವ ಗದ್ದಲಕ್ಕೆ ಅಲ್ಲಿನ ಪ್ರಾಣಿಗಳು ಒಂದಿಷ್ಟು ಒಗ್ಗಿರುತ್ತವೆ, ದಾರಿ ಬಿಟ್ಟು ಬಂದದ್ದಕ್ಕೆ ಅಲ್ಲ. ಇನ್ನು ಕಾನೂನಿನ ಮಾತು: ಕೊಲೊರಾಡೋದಲ್ಲಿ ನಾಯಿ ಕಾಡುಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಲು ಬಿಡುವುದು ಅಪರಾಧ, ದಂಡ ಕಟ್ಟಬೇಕಾದವರು ನೀವು.

ಲೀಶ್ 1.8 ಮೀಟರಿನ ಸಾದಾ ಪಟ್ಟಿಯಾಗಿರಲಿ. ಎಳೆದಷ್ಟೂ ಬಿಚ್ಚಿಕೊಳ್ಳುವ ಡಬ್ಬಿ ಲೀಶ್ ಬೆಟ್ಟಕ್ಕೆ ಬೇಡ. ತೆಳು ದಾರ ಪೊದೆಗೆ ಸುತ್ತಿಕೊಳ್ಳುತ್ತದೆ, ಬೆರಳಿಗೆ ಸುತ್ತಿಕೊಂಡರೆ ಚರ್ಮವೇ ಸುಲಿಯುತ್ತದೆ. ಅಳಿಲಿನ ಹಿಂದೆ ಜಿಗಿದ ನಾಯಿ ಐದು ಮೀಟರ್ ಓಡಿ ವೇಗ ಕಟ್ಟಿಕೊಂಡ ಮೇಲೆ ದಾರ ತಟ್ಟನೆ ಬಿಗಿಯಾಗಿ ನಿಮ್ಮನ್ನು ಬೀಳಿಸುತ್ತದೆ. ಸೊಂಟಕ್ಕೆ ಕಟ್ಟುವ ಲೀಶ್ ಮಟ್ಟಸ ದಾರಿಗೆ ಒಳ್ಳೆಯದು, ಕೈ ಎರಡೂ ಬೈನಾಕ್ಯುಲರಿಗೆ ಸಿಗುತ್ತವೆ. ಕಲ್ಲುರಾಶಿ ದಾಟುವಾಗ, ಇಳಿಜಾರು ಇಳಿಯುವಾಗ ಬಿಚ್ಚಿ ಕೈಗೆ ತೆಗೆದುಕೊಳ್ಳಿ.

ಎಷ್ಟು ನೀರು ಒಯ್ಯಬೇಕು? ನಮ್ಮ ತಿಂಡಿನೇ ಕೊಡಬಹುದಾ?

25 ಕೆ.ಜಿ. ತೂಗುವ ಲ್ಯಾಬ್ರಡಾರ್‌ಗೆ ನಾಲ್ಕು ಗಂಟೆಯ ಚಾರಣಕ್ಕೆ 2 ಲೀಟರ್ ಇಟ್ಟುಕೊಳ್ಳಿ. ನಾಯಿ ಬಾಯಾರುವ ತನಕ ಕಾಯದೆ ಅರ್ಧ ಗಂಟೆಗೊಮ್ಮೆ ಮಡಚುವ ಬಟ್ಟಲಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಒಮ್ಮೆಗೇ ಕುಡಿಸಿದರೆ ವಾಂತಿ ಮಾಡಿಕೊಳ್ಳುತ್ತದೆ. ತೊರೆ ಎಷ್ಟು ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯ ಎಂಬ, ಭೇದಿ ತರುವ ಪರೋಪಜೀವಿ ಇರಬಹುದು. ವಾರ ಕಳೆದು ಭೇದಿ ಶುರುವಾದಾಗ ತೊರೆಯ ನೆನಪು ಯಾರಿಗೂ ಇರುವುದಿಲ್ಲ. ತಗ್ಗಿನ ಕೆರೆಗಳಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಂಡರೆ ನಾಯಿಯನ್ನು ನೀರಿನ ಹತ್ತಿರವೂ ಬಿಡಬೇಡಿ. ನೀಲಿ-ಹಸಿರು ಪಾಚಿಯ ವಿಷ ಗಂಟೆಗಳಲ್ಲೇ ಕೊಲ್ಲಬಲ್ಲದು.

ತಿಂಡಿಯ ವಿಷಯದಲ್ಲಿ ನಮ್ಮವರು ಎಚ್ಚರವಾಗಿರಬೇಕಾದದ್ದು ಮೂರಕ್ಕೆ: ಈರುಳ್ಳಿ ಹಾಕಿದ ಚಿತ್ರಾನ್ನ, ಒಣದ್ರಾಕ್ಷಿ ಇರುವ ಟ್ರೇಲ್ ಮಿಕ್ಸ್, ಚಾಕೊಲೇಟ್. ಮೂರೂ ನಾಯಿಗೆ ವಿಷ. ಸಕ್ಕರೆಯ ಬದಲು ಬಳಸುವ ಜೈಲಿಟಾಲ್ ಇರುವ ಚೂಯಿಂಗ್ ಗಮ್ ಕೂಡ. ನಾಯಿಯ ಮಾಮೂಲಿ ಒಣ ಆಹಾರವನ್ನೇ ಸ್ವಲ್ಪ ಹೆಚ್ಚು ಕಟ್ಟಿಕೊಂಡು ಹೋಗಿ.

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಹೆಚ್ಚು ನಡೆಯೋಕಾಗಲ್ಲ. ನಾಯೀನೂ ಇದೆ. ಎಲ್ಲಿಗೆ ಹೋಗೋದು?

ಜಾರ್ಜ್‌ಟೌನ್ ಊರಿನಿಂದ ಗ್ವಾನೆಲಾ ಪಾಸ್‌ಗೆ. ಕಾರು 3,557 ಮೀಟರಿನವರೆಗೆ ಹೋಗುತ್ತದೆ, ಇಳಿದರೆ ಸುತ್ತಲೂ ವಿಲ್ಲೋ ಪೊದೆಗಳ ಬಯಲು. ಅರ್ಧ ಕಿಲೋಮೀಟರ್ ನಡೆದರೂ ಹೂವು ಸಿಗುತ್ತದೆ. ಹಿರಿಯರು ಊರಿನಿಂದ ಬಂದು ಮೂರು ದಿನವಾದರೂ ಆಗಿರಲಿ. ತಲೆನೋವು, ಓಕರಿಕೆ ಕಂಡರೆ ಕೂಡಲೇ ಇಳಿಯಿರಿ.

## ಹೂವುಗಳು

ಯಾವ ವಾರ ಹೋದ್ರೆ ಹೂವು ಚೆನ್ನಾಗಿರತ್ತೆ?

ಹೂವು ಕ್ಯಾಲೆಂಡರ್ ನೋಡುವುದಿಲ್ಲ, ಹಿಮ ಕರಗಿದ್ದನ್ನು ನೋಡುತ್ತದೆ. ಹಿಮ ಬೇಗ ಕರಗಿದ ವರ್ಷ ಎಲ್ಲವೂ ಒಂದೆರಡು ವಾರ ಮುಂಚೆ, ತಡವಾದರೆ ಅಷ್ಟೇ ತಡ. ಸಾಮಾನ್ಯ ವರ್ಷದ ಲೆಕ್ಕ ಹೀಗಿದೆ. ತಪ್ಪಲಿನಲ್ಲಿ, 2,400 ಮೀಟರಿನ ಒಳಗೆ, ಮೇ ಮತ್ತು ಜೂನ್. ಆಸ್ಪೆನ್ ಕಾಡಿನ ಮಟ್ಟದಲ್ಲಿ ಜೂನ್ ಕೊನೆ. ಸ್ಪ್ರೂಸ್ ಕಾಡಿನ ನಡುವಿನ ಬಯಲುಗಳಲ್ಲಿ ಜುಲೈ ಎರಡನೇ ವಾರದಿಂದ ಕೊನೆಯವರೆಗೆ. ಮರಗಳು ನಿಲ್ಲುವ ಸುಮಾರು 3,400 ಮೀಟರಿನ ಗಡಿಯಿಂದಾಚೆಗೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಅಲ್ಲಿಯ ಗಿಡಗಳಿಗೆ ಸಿಗುವ ಬೇಸಿಗೆ ತೀರಾ ಚಿಕ್ಕದಾದ್ದರಿಂದ ಹಿಮ ಸರಿದ ಕೂಡಲೇ ಅರಳಿಬಿಡುತ್ತವೆ.

ಆರು ವಾರ ತಡವಾಯಿತೆಂದು ಬೇಸರಪಡಬೇಡಿ, ಇನ್ನಷ್ಟು ಮೇಲೆ ಹತ್ತಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹಿಮದ ತುಂಡು ಉಳಿದಿದ್ದರೆ, ಅದರ ಅಂಚಿನಲ್ಲಿ ಗ್ಲೇಸಿಯರ್ ಲಿಲ್ಲಿಯೋ ಮಾರ್ಷ್ ಮ್ಯಾರಿಗೋಲ್ಡೋ ಆಗಸ್ಟಿನಲ್ಲೂ ಸಿಗಬಹುದು. ಬಿಳಿಯ ಮೇಲೆ ಮಚ್ಚೆಯಿರುವ ಆರ್ಕ್ಟಿಕ್ ಜೆನ್ಷನ್ ಕಂಡರೆ ಬೇಸಿಗೆ ಮುಗಿಯಿತೆಂದೇ ಅರ್ಥ.

ಒಂದೇ ಜಾಗ ಹೇಳಿ ಎನ್ನುವವರಿಗೆ ಕ್ರೆಸ್ಟೆಡ್ ಬ್ಯೂಟ್. 1990ರಲ್ಲಿ ರಾಜ್ಯದ ಶಾಸನಸಭೆ ಅದನ್ನು ಕೊಲೊರಾಡೋದ ಕಾಡುಹೂವಿನ ರಾಜಧಾನಿ ಎಂದು ಕರೆಯಿತು. ಜುಲೈ ನಡುವೆ ಅಲ್ಲಿ ನಾಯಿಯ ಬೆನ್ನು ಮುಚ್ಚುವಷ್ಟು ಎತ್ತರಕ್ಕೆ ಲೂಪಿನ್, ಮ್ಯೂಲ್ಸ್ ಇಯರ್, ಸೂರ್ಯಕಾಂತಿಯ ಬಳಗದವು ನಿಂತಿರುತ್ತವೆ.

ಒದ್ದೆ ಜಾಗದಲ್ಲಿ ಗಣಪತಿ ಮುಖದ ಹಾಗಿರೋ ಗುಲಾಬಿ ಹೂವು ನೋಡಿದ್ವಿ. ಅದೇನು?

ಎಲಿಫೆಂಟ್ ಹೆಡ್. ಪ್ರತಿ ಪುಟ್ಟ ಹೂವಿಗೂ ಎರಡು ಕಿವಿ, ಹಣೆ, ಮೇಲಕ್ಕೆತ್ತಿದ ಸೊಂಡಿಲು. ಒಂದೇ ಕಡ್ಡಿಯಲ್ಲಿ ಹತ್ತಾರು ಆನೆಮೊಗ. ತೊರೆಯಂಚಿನ ಜೌಗಿನಲ್ಲಿ ಮಾತ್ರ ಬೆಳೆಯುತ್ತದೆ, ಪಕ್ಕದ ಗಿಡಗಳ ಬೇರಿನಿಂದ ಒಂದಿಷ್ಟು ಆಹಾರ ಹೀರುತ್ತದೆ. ಆ ಕಾರಣಕ್ಕೇ ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಬದುಕುವುದಿಲ್ಲ. ಕೆಂಪು ಇಂಡಿಯನ್ ಪೇಂಟ್‌ಬ್ರಷ್‌ನದೂ ಇದೇ ಬಗೆಯ ಬಾಳು. ಜೌಗು ಕಂಡರೆ ನಾಯಿಗೆ ಹೊರಳುವ ಆಸೆ. ಹಲಗೆ ಹಾಸಿದ ದಾರಿಯ ಮೇಲೇ ಗಿಡ್ಡ ಲೀಶ್‌ನಲ್ಲಿ ಕೂರಿಸಿ ನೋಡಿ.

ಆಳೆತ್ತರದ ಹಸಿರು ಕಂಬದ ಹಾಗಿರೋ ಗಿಡ ಈ ವರ್ಷ ಬೆಟ್ಟದ ತುಂಬಾ ಇತ್ತು, ಹೋದ ವರ್ಷ ಇರಲೇ ಇಲ್ಲ. ಹೇಗೆ?

ಹೋದ ವರ್ಷವೂ ಇತ್ತು, ನೆಲಕ್ಕಂಟಿದ ಎಲೆಗಳ ಗುಚ್ಛವಾಗಿ. ಅದು ಗ್ರೀನ್ ಜೆನ್ಷನ್, ಮಾನ್ಯುಮೆಂಟ್ ಪ್ಲಾಂಟ್ ಎಂದೂ ಕರೆಯುತ್ತಾರೆ. ಹತ್ತಾರು ವರ್ಷ ಬರೀ ಎಲೆಯಾಗಿ ಬಾಳಿ, ಒಂದೇ ಬೇಸಿಗೆ ಕಂಬದಂತೆ ಎದ್ದು, ನೂರಾರು ತಿಳಿಹಸಿರು ಹೂವು ಬಿಟ್ಟು ಸಾಯುತ್ತದೆ. ಕ್ರೆಸ್ಟೆಡ್ ಬ್ಯೂಟ್ ಬಳಿಯ ಗಾಥಿಕ್‌ನಲ್ಲಿ 1928ರಿಂದ ಇರುವ ರಾಕಿ ಮೌಂಟನ್ ಬಯಲಾಜಿಕಲ್ ಲ್ಯಾಬೊರೇಟರಿಯ ಸುತ್ತ ಈ ಗಿಡದ ಮೇಲೆ ದೀರ್ಘಕಾಲ ಕೆಲಸ ನಡೆದಿದೆ. ಹೂವಿನ ಮೊಗ್ಗು ಅರಳುವ ಸುಮಾರು ನಾಲ್ಕು ವರ್ಷ ಮೊದಲೇ ಬುಡದೊಳಗೆ ರೂಪುಗೊಂಡಿರುತ್ತದೆ ಎಂದು ಕಂಡುಕೊಂಡದ್ದು ಅಲ್ಲೇ. ಈಗ ನೀವು ನೋಡುತ್ತಿರುವ ಹೂವು ನಾಲ್ಕು ಬೇಸಿಗೆಯ ಹಿಂದಿನ ಒಳ್ಳೆಯ ಮಳೆಯ ಫಲ.

ನಮ್ಮ ಘಟ್ಟದ ಕುರಿಂಜಿಯೂ ಒಮ್ಮೆ ಹೂಬಿಟ್ಟು ಸಾಯುವಂಥದ್ದೇ. ಆದರೆ ಅದಕ್ಕೆ ಹನ್ನೆರಡು ವರ್ಷದ ಲೆಕ್ಕವಿದೆ, ಇದಕ್ಕೆ ಅಂಥ ನಿಗದಿ ಇಲ್ಲ. ಎಲೆಗುಚ್ಛವನ್ನು ಮೆಟ್ಟದಿರಿ, ಅದು ನಿಮ್ಮ ವಯಸ್ಸಿನದೇ ಇರಬಹುದು.

ಕೊಲಂಬೈನ್ ಹೂವು ಒಂದು ಕಿತ್ಕೊಂಡ್ರೆ ತಪ್ಪಾ?

ನೀಲಿ-ಬಿಳಿ ಕೊಲಂಬೈನ್ 1899ರಿಂದ ರಾಜ್ಯದ ಹೂವು, 1925ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಸರ್ಕಾರಿ ನೆಲದಲ್ಲಿ ಬೇರುಸಹಿತ ಕೀಳುವಂತೆಯೇ ಇಲ್ಲ. ಹೂವನ್ನೂ ಗಿಡದಲ್ಲೇ ಬಿಡಿ: ಹಿಂದಕ್ಕೆ ಚಾಚಿದ ಉದ್ದನೆಯ ಕೊಂಬುಗಳ ತುದಿಯಲ್ಲಿ ಮಕರಂದವಿದೆ, ಮುಸ್ಸಂಜೆ ಹಾಕ್‌ಮಾತ್ ಪತಂಗಗಳು ಅದನ್ನು ಹುಡುಕಿಕೊಂಡು ಬರುತ್ತವೆ.

ನಾಯಿ ಹುಲ್ಲು ಮೇಯೋ ಹಾಗೆ ಗಿಡ ಕಚ್ಚತ್ತೆ. ವಿಷದ ಗಿಡ ಯಾವ್ಯಾವು?

ಐದನ್ನು ಗುರುತಿಟ್ಟುಕೊಳ್ಳಿ. ನೀಲಿ ಲಾರ್ಕ್‌ಸ್ಪರ್. ಮುಸುಕು ಹೊದ್ದಂತಿರುವ ಕಡುನೇರಳೆ ಮಾಂಕ್ಸ್‌ಹುಡ್. ಜೋಳದ ಗಿಡದಂತೆ ಅಗಲ ಗೆರೆಯೆಲೆಯ ಕಾರ್ನ್ ಲಿಲ್ಲಿ. ಈರುಳ್ಳಿಯಂತೆ ಗಡ್ಡೆಯಿದ್ದರೂ ಈರುಳ್ಳಿಯ ವಾಸನೆ ಇಲ್ಲದ ಡೆತ್ ಕ್ಯಾಮಸ್. ನೀರಂಚಿನಲ್ಲಿ ಬಿಳಿ ಕೊಡೆಯಂಥ ಹೂಗೊಂಚಲಿನ ವಾಟರ್ ಹೆಮ್ಲಾಕ್, ಇದರ ಬುಡವೇ ಅತಿ ಅಪಾಯ. ಲೂಪಿನ್ ಬೀಜವೂ ಒಳ್ಳೆಯದಲ್ಲ. ಜೊಲ್ಲು, ವಾಂತಿ, ನಡುಕ, ತೂರಾಟ ಕಂಡರೆ ಗಿಡದ ಫೋಟೊ ತೆಗೆದುಕೊಂಡು ನೇರ ಪಶುವೈದ್ಯರಲ್ಲಿಗೆ ಹೋಗಿ. ಮನೆಮದ್ದಿನಿಂದ ವಾಂತಿ ಮಾಡಿಸಲು ಹೋಗಬೇಡಿ.

ಮರಗಳೇ ಇಲ್ಲದ ಎತ್ತರದಲ್ಲಿ ಬರೀ ಗಿಡ್ಡ ಹುಲ್ಲು. ಅಲ್ಲಿ ದಾರಿ ಬಿಟ್ಟು ನಡೆದರೆ ಏನಾಗತ್ತೆ?

ಅಂಗೈಯಗಲದ ಮಾಸ್ ಕ್ಯಾಂಪಿಯನ್ ಮೆತ್ತೆಯೊಂದು ಆ ಗಾತ್ರಕ್ಕೆ ಬರಲು ದಶಕಗಳೇ ಬೇಕಾಗಿರುತ್ತವೆ. ನಾಯಿ ಉಗುರೂರಿ ನೆಗೆದರೆ ಮೆತ್ತೆಯ ಅಂಚು ಕಿತ್ತು ಬರುತ್ತದೆ, ಗಾಳಿ ಆ ಬಿರುಕಿನಿಂದ ಮಣ್ಣು ಹೊತ್ತೊಯ್ಯುತ್ತದೆ. ದಾರಿ ಇಲ್ಲದೆಡೆ ದಾಟಲೇಬೇಕಾದರೆ ಬಂಡೆಯಿಂದ ಬಂಡೆಗೆ ಕಾಲಿಡಿ.

ನೋಡಲು ನಿಲ್ಲಬೇಕಾದ ಜಾಗವೂ ಇದೇ. ಆಲ್ಪೈನ್ ಫರ್ಗೆಟ್-ಮಿ-ನಾಟ್‌ನ ಕಡುನೀಲಿ ಚುಕ್ಕೆಗಳಿಗೆ ಮೂಗು ತಾಗಿಸಿದರೆ ಸಿಹಿ ಪರಿಮಳ. ಸ್ಕೈ ಪೈಲಟ್ ಎಂಬ ನೇರಳೆ ಹೂವಿನ ಎಲೆ ಉಜ್ಜಿದರೆ, ಹೆದರಿದಾಗ ಗಬ್ಬುನಾತದ ದ್ರವ ಚಿಮ್ಮಿಸುವ ಸ್ಕಂಕ್ ಎಂಬ ಪ್ರಾಣಿಯ ನಾತ. ಕೆಲವೊಮ್ಮೆ ನಾಯಿ ತಟ್ಟನೆ ಮೂಗು ಸೊಟ್ಟ ಮಾಡಿದರೆ ಕಾರಣ ಇದೇ. ಓಲ್ಡ್ ಮ್ಯಾನ್ ಆಫ್ ದಿ ಮೌಂಟನ್ ಎಂಬ ದೊಡ್ಡ ಹಳದಿ ಹೂವುಗಳೆಲ್ಲ ಬಹುಪಾಲು ಪೂರ್ವಕ್ಕೆ ಮುಖ ಮಾಡಿರುತ್ತವೆ.

## ಪ್ರಾಣಿಗಳು

ಎಲ್ಲರೂ ಕರಡಿಗಿಂತ ಮೂಸ್‌ಗೆ ಹೆದರಿ ಅಂತಾರೆ. ನಿಜವಾ?

ನಾಯಿ ಜೊತೆಗಿದ್ದರೆ ಪೂರ್ತಿ ನಿಜ. ಮೂಸ್ ಎಂದರೆ ಜಿಂಕೆ ಕುಲದ ಅತಿ ದೊಡ್ಡ ಪ್ರಾಣಿ. 1978ರಲ್ಲಿ ನಾರ್ತ್ ಪಾರ್ಕ್ ಬಯಲಿಗೆ ತಂದು ಬಿಟ್ಟ ಮೂಸ್‌ಗಳು ಈಗ ರಾಜ್ಯದ ಬೆಟ್ಟಗಳಲ್ಲೆಲ್ಲ ಹರಡಿವೆ. ಮೂಸ್ ಕಣ್ಣಿಗೆ ನಾಯಿ ಎಂದರೆ ತೋಳ. ಕರಡಿ, ಜಿಂಕೆ ಓಡಿಹೋಗುತ್ತವೆ. ಮೂಸ್ ಓಡದೆ ತುಳಿಯಲು ಬರುತ್ತದೆ. ಬಿಟ್ಟ ನಾಯಿ ಮಾಡುವುದೇನು? ಬೊಗಳಿ ಕೆಣಕಿ, ಹೆದರಿ ನಿಮ್ಮ ಬಳಿಗೇ ಓಡಿಬರುತ್ತದೆ, ಹಿಂದೆ 400 ಕಿಲೋದ ಪ್ರಾಣಿಯನ್ನು ಕರೆದುಕೊಂಡು.

ವಿಲ್ಲೋ ಪೊದೆ ಇರುವ ಕಡೆಯೆಲ್ಲ ಮೂಸ್ ಇದೆ ಎಂದೇ ತಿಳಿಯಿರಿ. ಪೊದೆಯ ಮರೆಯಲ್ಲಿ ಮಲಗಿದ್ದರೆ ಹತ್ತು ಮೀಟರಿನಲ್ಲೂ ಕಾಣದು. ಅಂಥ ದಾರಿಯಲ್ಲಿ ಮಾತಾಡುತ್ತ ನಡೆಯಿರಿ, ನಾಯಿಯನ್ನು ಕಾಲಿನ ಪಕ್ಕಕ್ಕೆ ತಂದುಕೊಳ್ಳಿ. ಮೇ ಕೊನೆ ಮತ್ತು ಜೂನ್‌ನಲ್ಲಿ ಕರು ಇರುವ ತಾಯಿ, ಸೆಪ್ಟೆಂಬರಿನಲ್ಲಿ ಬೆದೆಯ ಗಂಡು ಹೆಚ್ಚು ಅಪಾಯ. ಕಿವಿ ಹಿಂದಕ್ಕೆ ಮಡಚುವುದು, ಹೆಗಲ ಕೂದಲು ನಿಮಿರುವುದು, ಮೂತಿ ನೆಕ್ಕಿಕೊಳ್ಳುವುದು ಸಿಟ್ಟಿನ ಗುರುತು. ಕಂಡರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ. ಏರಿ ಬಂದರೆ ಓಡಿ, ದೊಡ್ಡ ಮರ ಅಥವಾ ಬಂಡೆಯನ್ನು ನಡುವೆ ತಂದುಕೊಳ್ಳಿ.

ರಾಕಿ ಮೌಂಟನ್ ಪಾರ್ಕಿನ ನಿಯಮ ಮೂಸ್, ಕರಡಿಗೆ 36 ಮೀಟರ್, ಎಲ್ಕ್ ಮತ್ತು ಬಿಗ್‌ಹಾರ್ನ್ ಕುರಿಗೆ 23 ಮೀಟರ್ ದೂರ ಎನ್ನುತ್ತದೆ. ನಾಯಿ ಇದ್ದಾಗ ಅದಕ್ಕೂ ಹೆಚ್ಚು ಬಿಡುವುದು ನಮ್ಮ ಸಲಹೆ. ಕೈ ಮುಂದೆ ಚಾಚಿ ಹೆಬ್ಬೆರಳೆತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಹೆಬ್ಬೆರಳಿನ ಹಿಂದೆ ಇಡೀ ಪ್ರಾಣಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ.

ಕಲ್ಲುರಾಶಿಯಿಂದ ಯಾರೋ ಸಿಳ್ಳೆ ಹೊಡೆದ ಹಾಗೆ ಕೇಳತ್ತೆ. ನಾಯಿ ಹುಚ್ಚೆದ್ದು ಎಳೆಯತ್ತೆ.

ಜೋರು ಸಿಳ್ಳೆ ಮಾರ್ಮಟ್‌ನದು. ಬೆಕ್ಕಿಗಿಂತ ದಪ್ಪ, ಹಳದಿ ಹೊಟ್ಟೆ. ಆಟಿಕೆ ಒತ್ತಿದಂತೆ ಮೂಗಿನ ಚಿಕ್ಕ ಕೂಗು ಪೈಕಾದು. ಹಿಡಿಗಾತ್ರ, ದುಂಡು ಕಿವಿ, ಬಾಲ ಕಾಣದು, ಮೊಲದ ಸಂಬಂಧಿ. ಮಾರ್ಮಟ್ ವರ್ಷದ ಏಳೆಂಟು ತಿಂಗಳು ನಿದ್ದೆಯಲ್ಲಿ ಕಳೆಯುತ್ತದೆ, ಉಳಿದ ನಾಲ್ಕೈದು ತಿಂಗಳಲ್ಲಿ ಕೊಬ್ಬು ಕಟ್ಟಬೇಕು. ಪೈಕಾ ನಿದ್ದೆಗೆ ಹೋಗುವುದೇ ಇಲ್ಲ. ಬೇಸಿಗೆಯಿಡೀ ಹೂವು, ಹುಲ್ಲು ಕತ್ತರಿಸಿ ಬಂಡೆಯಡಿ ಒಣಹುಲ್ಲಿನ ಬಣವೆ ಒಟ್ಟುತ್ತದೆ. ಬಿಸಿಲು ಏರಿದರೆ ಅದಕ್ಕೆ ತಡೆಯದು, ತಂಪು ಬಿಲಕ್ಕೆ ಹೋಗುತ್ತದೆ. ಆದ್ದರಿಂದ ನಾಯಿ ಬೊಗಳಿ ಅವು ಒಳಗೆ ಕೂತ ಪ್ರತಿ ಅರ್ಧ ಗಂಟೆಯೂ ಚಳಿಗಾಲದ ಊಟದಿಂದ ಕಳೆದದ್ದು.

ನಾಯಿ ಎಳೆಯತೊಡಗಿದರೆ ಕಲ್ಲುರಾಶಿಗೆ ಬೆನ್ನು ಮಾಡಿ ಕೂರಿಸಿ, ತಿನಿಸು ಕೊಟ್ಟು ಉಸಿರು ಇಳಿಯುವ ತನಕ ಕಾಯಿರಿ. ಬೀದಿಯಲ್ಲಿ ಅಳಿಲು ಕಂಡಾಗಲೇ "ಬಿಡು" ಎಂಬ ಮಾತಿಗೆ ಪಳಗಿಸಿದ್ದರೆ ಇಲ್ಲಿ ಸುಲಭ. ಮಾರ್ಮಟ್ ಉಪ್ಪಿನಾಸೆಗೆ ಬೆವರಿದ ಚೀಲದ ಪಟ್ಟಿ, ಹಾರ್ನೆಸ್ ಎಲ್ಲ ಕಡಿಯುತ್ತದೆ. ಬಂಡೆಯ ಮೇಲೆ ಬಿಚ್ಚಿಟ್ಟು ಹೋಗಬೇಡಿ.

ಹುಲ್ಲಲ್ಲಿ ಒಂಟಿ ಜಿಂಕೆಮರಿ ಮಲಗಿತ್ತು, ನಾಯಿನೇ ಪತ್ತೆ ಹಚ್ಚಿದ್ದು. ತಾಯಿ ಬಿಟ್ಟುಹೋಗಿರಬಹುದಾ?

ಇಲ್ಲ. ಜೂನ್‌ನಲ್ಲಿ ತಾಯಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಮುಟ್ಟಬೇಡಿ, ಫೋಟೊಗೂ ನಿಲ್ಲಬೇಡಿ. ನೀವು ಹೋದ ಮೇಲೆಯೇ ತಾಯಿ ಬರುತ್ತದೆ.

ಕರಡಿ, ಪೂಮಾ ಎದುರಾದ್ರೆ?

ಇಲ್ಲಿರುವುದು ಕಪ್ಪು ಕರಡಿ, ಕಂದು ಬಣ್ಣದ್ದಿದ್ದರೂ ಅದೇ ಜಾತಿ. ಎರಡಕ್ಕೂ ಓಡಬೇಡಿ. ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಗಟ್ಟಿಯಾಗಿ ಮಾತಾಡುತ್ತ, ಎದುರು ಮುಖವಾಗಿಯೇ ಹಿಂದೆ ಸರಿಯಿರಿ. ಪೂಮಾ ಕದಲದಿದ್ದರೆ ಕೈ ಮೇಲೆತ್ತಿ ದೊಡ್ಡದಾಗಿ ಕಾಣಿ, ಕಲ್ಲೆಸೆಯಿರಿ. ಮೇಲೆ ಬಿದ್ದರೆ ಹೋರಾಡಿ.

## ತೊಂದರೆಯಾದಾಗ

ಮೇಲೆ ತಂಪಾಗೇ ಇತ್ತು, ಆದ್ರೂ ನಾಯಿ ಏದುಸಿರು ಬಿಟ್ಟು ಕುಸಿದುಬಿಡ್ತು. ಯಾಕೆ?

ಗಾಳಿ ತಂಪಿದ್ದರೂ ಬಿಸಿಲು ಚುರುಕು, ನಾಯಿ ಬೆವರುವುದು ಪಾದಗಳಲ್ಲಿ ಮಾತ್ರ. ನಿಲ್ಲದ ಏದುಸಿರು, ಕಡುಗೆಂಪು ವಸಡು, ಅಂಟಂಟು ಜೊಲ್ಲು, ತೂರಾಟ ಇವು ಸೆಖೆ ಹೊಡೆತದ ಗುರುತು. ಮೊದಲು ತಣಿಸಿ, ಆಮೇಲೆ ಸಾಗಿಸಿ: ನೆರಳಿಗೆ ತಂದು, ಹೊಟ್ಟೆ, ತೊಡೆಸಂದು, ಪಾದಕ್ಕೆ ತಣ್ಣೀರು ಹೊಯ್ದು, ಬೀಸಿ ಗಾಳಿ ಹಾಕಿ. ತೊರೆ ಹತ್ತಿರವಿದ್ದರೆ ತಲೆ ಮೇಲಿಟ್ಟು ನೀರಿಗೇ ಇಳಿಸಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ಅಂದೇ ವೈದ್ಯರಿಗೆ ತೋರಿಸಿ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಎತ್ತರದ ಏರಿಗೆ ಒಯ್ಯಲೇಬೇಡಿ.

ಮಧ್ಯಾಹ್ನ ಸಿಡಿಲು ಅಂತ ಹೆದರಿಸ್ತಾರೆ. ಎಷ್ಟು ಗಂಟೆಗೆ ಹೊರಡಬೇಕು?

ಬೆಳಿಗ್ಗೆ ಆರರೊಳಗೆ ನಡೆಯಲು ಶುರುಮಾಡಿ, ಹನ್ನೆರಡರೊಳಗೆ ಮರಗಳ ಗಡಿಯ ಕೆಳಗಿರಿ. ಜುಲೈ-ಆಗಸ್ಟಿನಲ್ಲಿ ಮಧ್ಯಾಹ್ನದ ಸಿಡಿಲುಮಳೆ ದಿನಚರಿಯ ಹಾಗೆ. ಗುಡುಗಿಗೆ ಬೆದರಿ ಕಿತ್ತುಕೊಂಡು ಓಡಿ ಕಳೆದುಹೋಗುವ ನಾಯಿಗಳೂ ಉಂಟು.

ಮುಳ್ಳುಹಂದಿ ಮುಳ್ಳು, ಸ್ಕಂಕ್ ನಾತ, ಹಾವು, ಉಣುಗು: ಏನು ಮಾಡೋದು?

ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿವೆ, ಅದು ಒಳಗೊಳಗೇ ಸರಿಯುತ್ತದೆ. ಕತ್ತರಿಸಬೇಡಿ, ನಾಯಿ ಕೆರೆದುಕೊಳ್ಳದಂತೆ ಹಿಡಿದು ವೈದ್ಯರಲ್ಲಿಗೆ ಒಯ್ಯಿರಿ. ಸ್ಕಂಕ್‌ಗೆ ಟೊಮೆಟೊ ರಸ ಪ್ರಯೋಜನವಿಲ್ಲ: 1 ಲೀಟರ್ 3% ಹೈಡ್ರೋಜನ್ ಪೆರಾಕ್ಸೈಡ್, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ಸೋಪು ಬೆರೆಸಿ ಆಗಲೇ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕಣ್ಣಿಗೆ ತಾಗಿಸಬೇಡಿ. ಮಿಕ್ಕದ್ದನ್ನು ಮುಚ್ಚಿದ ಬಾಟಲಿಯಲ್ಲಿಟ್ಟರೆ ಸಿಡಿಯುತ್ತದೆ. ರ‍್ಯಾಟಲ್ ಹಾವು ತಪ್ಪಲಿನ ಬೆಚ್ಚಗಿನ ಕಲ್ಲುಗಳಲ್ಲಿರುತ್ತದೆ, ನಾಯಿಗೆ ಕಚ್ಚುವುದು ಹೆಚ್ಚಾಗಿ ಮೂತಿಗೆ. ಕೊಯ್ಯುವುದು, ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ಆದಷ್ಟು ಎತ್ತಿಕೊಂಡೇ ಇಳಿಯಿರಿ. ಉಣುಗಿನ ಕಾಟ ವಸಂತದಿಂದ ಜುಲೈ ಮೊದಲವರೆಗೆ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಪ್ರೇರಿ ಡಾಗ್ ಎಂಬ, ನೆಲ ಕೊರೆದು ಬಾಳುವ ಅಳಿಲಿನ ಸಂಬಂಧಿಯ ಬಿಲಗಳ ಹತ್ತಿರ ಮಾತ್ರ ನಿಲ್ಲಲೇಬೇಡಿ, ಅಲ್ಲಿನ ಚಿಗಟಗಳಲ್ಲಿ ಪ್ಲೇಗ್ ಇರಬಹುದು.

ಕಾಡಲ್ಲಿ ನಾಯಿ ಕಕ್ಕ ಗೊಬ್ಬರ ಆಗಲ್ವಾ?

ಆಗುವುದಿಲ್ಲ. ಎತ್ತರದ ಚಳಿಯಲ್ಲಿ ಅದು ಬೇಗ ಕೊಳೆಯದು, ಪರೋಪಜೀವಿಗಳು ತೊರೆ ಸೇರುತ್ತವೆ. ಚೀಲದಲ್ಲಿ ಹಾಕಿ ಹೊತ್ತು ತನ್ನಿ. "ವಾಪಸ್ ಬರುವಾಗ ತಗೊಳ್ತೀವಿ" ಎಂದು ದಾರಿಯಂಚಲ್ಲಿಟ್ಟ ಚೀಲಗಳು ಅಲ್ಲೇ ಉಳಿದಿರುವುದನ್ನು ಪ್ರತಿ ಬೇಸಿಗೆಯೂ ಕಾಣುತ್ತೇವೆ.

## ಪಳಗಿದವರಿಗೆ

ನಾಯಿ ಜೊತೆಗಿದ್ದೂ ಪ್ರಾಣಿ ಚೆನ್ನಾಗಿ ನೋಡೋಕೆ ಸಾಧ್ಯನಾ?

ಸಾಧ್ಯ, ಗಾಳಿ ತಿಳಿದವರಿಗೆ. ಬಿಸಿಲು ಏರುವ ಮುನ್ನ ತಣ್ಣನೆಯ ಗಾಳಿ ಬೆಟ್ಟದಿಂದ ಕೆಳಗಿಳಿಯುತ್ತದೆ. ಇಳಿಜಾರು ಕಾದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಮೇಲಕ್ಕೆ ತಿರುಗುತ್ತದೆ. ಬೆಳಿಗ್ಗೆ ಹತ್ತುವಾಗ ಮೇಲಿರುವ ಪ್ರಾಣಿಗೆ ನಿಮ್ಮ ನಾಯಿಯ ವಾಸನೆ ಹೋಗದು, ಅದರ ವಾಸನೆ ನಿಮ್ಮ ನಾಯಿಗೆ ಬರುತ್ತದೆ. ಆಗ ನಾಯಿಯೇ ನಿಮ್ಮ ದಾರಿತೋರುಗ. ಮೂಗು ಮೇಲೆತ್ತಿ ನಿಂತರೆ ಗಾಳಿಯಲ್ಲಿ ವಾಸನೆ, ದೂರದ ದೊಡ್ಡ ಪ್ರಾಣಿ. ಮೂಗು ನೆಲಕ್ಕಿಟ್ಟು ಎಳೆದರೆ ಹಳೆಯ ಹೆಜ್ಜೆ. ಕಿವಿ ಮುಂದೆ, ಬಾಲ ಬಿಗಿ, ಒಂದು ಕಾಲು ಎತ್ತಿ ನಿಂತರೆ ಪ್ರಾಣಿ ಕಣ್ಣಳತೆಯಲ್ಲಿದೆ. ನಿಲ್ಲಿ, ನಾಯಿ ನೋಡುತ್ತಿರುವ ಗೆರೆಯಲ್ಲೇ 8×42 ಬೈನಾಕ್ಯುಲರ್ ಹಿಡಿದು ನಿಧಾನ ಹುಡುಕಿ. ನಾಯಿ ಸುಮ್ಮನೆ ನಿಂತು ತೋರಿಸಿದ್ದಕ್ಕೆ ಪ್ರತಿಸಲವೂ ತಿನಿಸು ಕೊಟ್ಟರೆ, ಒಂದೆರಡು ಬೇಸಿಗೆಯಲ್ಲಿ ಎಳೆಯುವುದನ್ನು ಬಿಟ್ಟು ನಿಲ್ಲುವುದನ್ನು ಕಲಿಯುತ್ತದೆ.

ಇಬ್ಬರಿದ್ದರೆ ಒಬ್ಬರು ನಾಯಿಯೊಂದಿಗೆ 50 ಮೀಟರ್ ಹಿಂದೆ ಕೂರಲಿ, ಇನ್ನೊಬ್ಬರು ಇಪ್ಪತ್ತು ನಿಮಿಷ ಕಲ್ಲುರಾಶಿಯ ಬಳಿ ಅಲ್ಲಾಡದೆ ಕೂತು ನೋಡಲಿ, ಆಮೇಲೆ ಅದಲುಬದಲು. ಪೈಕಾ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಕೆಲಸಕ್ಕೆ ಮರಳುತ್ತದೆ.

ಟಾರ್ಮಿಗನ್ ಹಕ್ಕಿ ನೋಡ್ಬೇಕು ಅಂತ ಮೂರು ವರ್ಷದಿಂದ ಹುಡುಕ್ತಿದ್ದೀವಿ. ನಾಯಿ ಇದ್ರೆ ಆಗೋದೇ ಇಲ್ವಾ?

ಬಿಳಿಬಾಲದ ಟಾರ್ಮಿಗನ್ ಚಳಿಗಾಲದಲ್ಲಿ ಅಚ್ಚ ಬಿಳಿ, ಬೇಸಿಗೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಬಣ್ಣ. ಹೆಣ್ಣು ನೆಲದ ಮೇಲೇ ಮೊಟ್ಟೆಯಿಟ್ಟು ಕಾಲಬುಡಕ್ಕೆ ಬರುವ ತನಕ ಕದಲದೆ ಕೂರುತ್ತದೆ. ನೀವು ಮೂರು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿರಬಹುದು. ಜುಲೈ ಕೊನೆಗೆ, ಮರಿಗಳು ನಡೆದಾಡುವಾಗ, ಗಿಡ್ಡ ವಿಲ್ಲೋ ಮತ್ತು ಕಲ್ಲು ಬೆರೆತ ಇಳಿಜಾರಿನಲ್ಲಿ ದಾರಿಯ ಮೇಲೇ ನಿಂತು ಹುಡುಕಿ, ಕಲ್ಲಿಗೆ ಕಣ್ಣು ಮೂಡಿದೆಯೇ ಎಂದು. ನಾಯಿ ಹತ್ತಿರದ ನೆಲವನ್ನೇ ದಿಟ್ಟಿಸಿ ಬಿಗಿಯಾದರೆ ಲೀಶ್ ಗಿಡ್ಡ ಮಾಡಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಕ್ಕಿ ರೆಕ್ಕೆ ಮುರಿದಂತೆ ಎಳೆಯುತ್ತ ಓಡಿದರೆ ಅದು ಮರಿಗಳಿಂದ ನಿಮ್ಮನ್ನು ದೂರ ಒಯ್ಯುವ ನಾಟಕ. ಹಿಂಬಾಲಿಸಬೇಡಿ, ನಿಂತಲ್ಲಿಯೂ ಇರಬೇಡಿ, ಬಂದ ದಾರಿಗೆ ತಿರುಗಿ.

ರಜೆಗೆ ಊರಿಗೆ ಹೋದಾಗ ಕುದುರೆಮುಖ, ಪುಷ್ಪಗಿರಿ ಕಡೆನೂ ನಾಯಿ ಕರ್ಕೊಂಡು ಹೋಗಬಹುದಾ?

ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ವನ್ಯಜೀವಿಧಾಮ. ಇಂಥ ಸಂರಕ್ಷಿತ ಕಾಡಿನೊಳಗೆ ಸಾಕುನಾಯಿಗೆ ಜಾಗವಿಲ್ಲ. ಡಿಸ್ಟೆಂಪರ್, ಪಾರ್ವೊ ರೋಗಗಳು ನಾಯಿಯಿಂದ ಸೀಳುನಾಯಿಗಳಿಗೆ ದಾಟಬಲ್ಲವು, ಚಿರತೆಗೆ ನಾಯಿ ಸುಲಭದ ಬೇಟೆ. ಕಾಫಿ ತೋಟದ ಒಳದಾರಿಯಲ್ಲಿ, ತೋಟದವರನ್ನು ಕೇಳಿಕೊಂಡು, ಹಗಲಿನಲ್ಲಿ ಲೀಶ್ ಹಿಡಿದು ಸುತ್ತಾಡಿಸಿ.